ಮಂಡಿ, ಮಣೆ, ಮೇಜು

ಮೈಸೂರಿನಲ್ಲಿ ಅರವತ್ತು ದಾಟಿದ ಗಂಡಸರಲ್ಲಿ ಎರಡು ಪಂಗಡ. ಯೆಜ್ಡಿ ಮಾರಿ ಪಶ್ಚಾತ್ತಾಪ ಪಡುವವರದು ಒಂದು, ಮಾರದೆ ಪಡುವವರದು ಇನ್ನೊಂದು. ನಾನು ಎರಡನೆಯದಕ್ಕೆ ಸೇರಿದವನು. ಬ್ಯಾಂಕಿನ ನೌಕರಿ ಸಿಕ್ಕ ಹೊಸತರಲ್ಲಿ ಕೊಂಡ ರೋಡ್‌ಕಿಂಗ್ ಅದು. ನೌಕರಿ ನನ್ನನ್ನು ಬಿಟ್ಟಿತು, ಗಾಡಿ ಬಿಡಲಿಲ್ಲ. ನಮ್ಮೂರ ಯಾದವಗಿರಿಯಲ್ಲಿ ಐಡಿಯಲ್ ಜಾವಾ ಕಾರ್ಖಾನೆ 1961ರಲ್ಲಿ ಶುರುವಾದಾಗ ಉದ್ಘಾಟಿಸಿದವರು ಆಗ ರಾಜ್ಯಪಾಲರಾಗಿದ್ದ ಜಯಚಾಮರಾಜ ಒಡೆಯರು. 1973ರಲ್ಲಿ ಜಾವಾ ಹೆಸರು ಹೋಗಿ ಯೆಜ್ಡಿ ಬಂತು, 1996ರಲ್ಲಿ ಕಾರ್ಖಾನೆಗೆ ಬೀಗ ಬಿತ್ತು. ‘ಫಾರೆವರ್ ಬೈಕ್, ಫಾರೆವರ್ ವ್ಯಾಲ್ಯೂ’ ಎನ್ನುವ ಅವರ ಘೋಷಣೆಗೆ ಮಾತ್ರ ಬೀಗ ಬೀಳಲಿಲ್ಲ. ಗಾಡಿ ಫಾರೆವರ್ ಎಂದು ಮಾತು ಕೊಟ್ಟರು, ಮಾತು ಉಳಿಸಿಕೊಂಡರು. ಗಾಡಿಯ ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತು ಅದನ್ನು ರಿಪೇರಿ ಮಾಡುವವನ ಮಂಡಿಯ ಬಗ್ಗೆ ಮಾತ್ರ ಯಾರೂ ಏನೂ ಹೇಳಿರಲಿಲ್ಲ.

ಮೋಟಾರ್ ಸೈಕಲ್ಲಿನ ರಚನೆಯಲ್ಲೇ ಒಂದು ಅನ್ಯಾಯವಿದೆ. ಕೆಡದ ಭಾಗಗಳು, ಅಂದರೆ ಸೀಟು, ಕನ್ನಡಿ, ಹ್ಯಾಂಡಲ್ಲು, ಎಲ್ಲವೂ ಕೈಗೆಟುಕುವ ಎತ್ತರದಲ್ಲಿರುತ್ತವೆ. ಕೆಡುವುದೇ ಧರ್ಮವಾಗಿರುವ ಚೈನು, ಕಾರ್ಬುರೇಟರು, ಪಾಯಿಂಟು, ಸೈಲೆನ್ಸರ್ ನಟ್ಟು, ಬ್ರೇಕ್ ರಾಡು ಮಂಡಿಯಿಂದ ಕೆಳಗೆ ಠಿಕಾಣಿ ಹೂಡಿರುತ್ತವೆ. ಅವುಗಳ ಕ್ಷೇಮ ವಿಚಾರಿಸಬೇಕಾದರೆ ನೀವು ಅವುಗಳ ಮಟ್ಟಕ್ಕೆ ಇಳಿಯಬೇಕು. ಇಳಿಯುವುದೇನೋ ಇಳಿಯಬಹುದು. ಭೂಮಿಯ ಸೆಳೆತ ಸಹಾಯ ಮಾಡುತ್ತದೆ.

ಏಳುವುದು ಬೇರೆ ವಿಷಯ. ಐವತ್ತೈದರ ನಂತರ ಗಾಡಿ ಕೆಲಸಕ್ಕೆ ಕೂರುವ ಮುಂಚೆ ನಾನು ಒಂದು ಪಂಚವಾರ್ಷಿಕ ಯೋಜನೆಯನ್ನೇ ಹಾಕಬೇಕಾಗಿ ಬಂತು. ಯಾವ ಪಾನಾ ಬೇಕು, ಸ್ಕ್ರೂಡ್ರೈವರು ಉದ್ದದ್ದೋ ಗಿಡ್ಡದ್ದೋ, ಒರೆಸುವ ಬಟ್ಟೆ, ಮರಳು ಕಾಗದ, ಕನ್ನಡಕ, ಮೊಬೈಲು, ಕಾಫಿ ಲೋಟ, ಎಲ್ಲವನ್ನೂ ಸುತ್ತ ಹರಡಿಕೊಂಡು ಕೂತ ಮೇಲೆ ಹದಿನಾಲ್ಕರ ಪಾನಾ ಅಟ್ಟದ ಡಬ್ಬಿಯಲ್ಲೇ ಉಳಿದಿದೆ ಎಂದು ಗೊತ್ತಾಗುತ್ತಿತ್ತು. ಆಗ ಫುಟ್‌ರೆಸ್ಟ್ ಹಿಡಿದು, ಅಲ್ಲಿಂದ ಸೀಟು ಹಿಡಿದು, ‘ಅಯ್ಯಪ್ಪಾ’ ಎಂದು ಹರಿಹರಸುತನನ್ನು ಕರೆಯುತ್ತ ಹಂತಹಂತವಾಗಿ ಏಳುವುದು. ಮೊಮ್ಮಗಳು ಇದನ್ನು ಕಿಟಕಿಯಿಂದ ನೋಡಿ, “ಅಜ್ಜೀ, ತಾತ ಗಾಡಿಗೆ ನಮಸ್ಕಾರ ಮಾಡ್ತಿದಾರೆ” ಎಂದು ಒಳಗೆ ವರದಿ ಒಪ್ಪಿಸಿದ್ದಳು. ಮೂಳೆ ಡಾಕ್ಟರು ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದು, “ನೆಲದ ಮೇಲೆ ಕೂರೋದು ಬಿಟ್ಟುಬಿಡಿ. ಊಟಕ್ಕೆ ಟೇಬಲ್ಲು, ಬಾತ್‌ರೂಮಿಗೆ ಕಮೋಡು” ಎಂದರು. ಯೆಜ್ಡಿಗೆ ಏನು ಎಂದು ನಾನೂ ಕೇಳಲಿಲ್ಲ, ಅವರೂ ಹೇಳಲಿಲ್ಲ.

ನಾನು ಗಾಡಿ ಕೆಲಸ ಕಲಿತದ್ದು ಮಂಡಿ ಮೊಹಲ್ಲಾದ ಒಬ್ಬ ಉಸ್ತಾದರ ಹತ್ತಿರ. ಹೆಸರಿಗೂ ಮಂಡಿ ಮೊಹಲ್ಲಾ. ಕಲಿತದ್ದು ಎಂದರೆ ಅವರು ಬಿಚ್ಚುವುದನ್ನು ನಿಂತು ನೋಡಿದ್ದು, ಆಮೇಲೆ ಅವರು ಕೇಳಿದ ಪಾನಾ ಎತ್ತಿಕೊಟ್ಟಿದ್ದು. ಅವರ ಅಂಗಡಿ ಎಂದರೆ ಫುಟ್‌ಪಾತಿನ ಮೇಲೆ ಚಾಚಿಕೊಂಡ ಒಂದು ತಗಡಿನ ಮಾಡು, ಎಣ್ಣೆ ಕುಡಿದು ಕಪ್ಪಾದ ನೆಲ, ಪಾನಾಗಳನ್ನು ಹರಡಿದ ಗೋಣಿಚೀಲ, ನಡುವೆ ಒಂದು ಮಣೆ. ನಾಲ್ಕು ಬೆರಳು ಎತ್ತರದ, ನಡುವೆ ಸವೆದು ತಗ್ಗಾದ ಆ ಮಣೆಯ ಮೇಲೆ ಅವರು ಬೆಳಿಗ್ಗೆ ಕೂತರೆ ಸಂಜೆಯವರೆಗೆ ಊರಿನ ಅರ್ಧ ಯೆಜ್ಡಿಗಳು ಅವರ ಮುಂದೆ ಬಂದು ನಿಂತು ಹೋಗುತ್ತಿದ್ದವು. ಸ್ಕ್ರೂಡ್ರೈವರಿನ ತುದಿಯನ್ನು ಎಂಜಿನ್ನಿಗೂ ಹಿಡಿಯನ್ನು ಕಿವಿಗೂ ಕೊಟ್ಟು ಕಣ್ಣು ಮುಚ್ಚಿ, “ಬೇರಿಂಗ್ ಹೋಗ್ಲಿಕ್ಕೆ ಇನ್ನೂ ಟೈಮಿದೆ, ಹೋಗಿ ಬನ್ನಿ ಸಾರ್” ಎನ್ನುತ್ತಿದ್ದರು. ಅವರು ಎದ್ದು ನಿಂತಿದ್ದನ್ನು ನೋಡಿದ ನೆನಪೇ ನನಗಿಲ್ಲ. ನಮಾಜಿಗೆ ಹೋಗುವಾಗ ಎದ್ದೇ ಇರುತ್ತಾರೆ, ಆದರೆ ನನ್ನ ನೆನಪಿನಲ್ಲಿ ಅವರು ಸದಾ ಕೂತೇ ಇದ್ದಾರೆ.

ಗಾಡಿಯನ್ನೇ ಮೇಲಕ್ಕೆತ್ತುವ ಮೇಜು ಇದೆ ಎಂದು ಮೊದಲು ಕಂಡದ್ದು ಮಗನ ಹೊಸ ಬೈಕಿನ ಸರ್ವಿಸ್ ಸೆಂಟರಿನಲ್ಲಿ. ಸಾಲಾಗಿ ಮೇಜುಗಳು, ಮೇಲೆ ಗಾಡಿಗಳು, ನಿಂತು ಕೆಲಸ ಮಾಡುವ ಹುಡುಗರು. ಗಾಡಿಗಿಂತ ನನಗೆ ಆ ಹುಡುಗರ ನೆಟ್ಟಗಿನ ಬೆನ್ನುಗಳೇ ಕಣ್ಣಿಗೆ ಬಿದ್ದವು. ಅಲ್ಲಿಂದ ಬಂದವನು ಮನೆಗೊಂದು ಮೇಜು ತರುವ ಸಂಕಲ್ಪ ಮಾಡಿದೆ. ನಿವೃತ್ತ ನೌಕರನ ಸಂಕಲ್ಪವಾದ್ದರಿಂದ ಅದರ ಹಿಂದೆಯೇ ‘ಅಗ್ಗದ’ ಎಂಬ ವಿಶೇಷಣವೂ ಬಂತು.

ಅಗ್ಗದ್ದರಲ್ಲಿ ಎಷ್ಟೊಂದು ಬಗೆ! ಹಿಂದಿನ ಚಕ್ರವನ್ನು ಮಾತ್ರ ನೆಲದಿಂದ ಎತ್ತುವ ಪ್ಯಾಡಕ್ ಸ್ಟ್ಯಾಂಡಿಗೆ ಕಡಿಮೆ ಬೆಲೆ. ಸೆಂಟರ್ ಸ್ಟ್ಯಾಂಡೇ ಇಲ್ಲದ ಈಗಿನ ಗಾಡಿಗಳಿಗೆ ಅದು ಸರಿ, ಯೆಜ್ಡಿಗೆ ಹುಟ್ಟಿನಿಂದಲೇ ಗಟ್ಟಿ ಸ್ಟ್ಯಾಂಡಿದೆ. ಹೊಟ್ಟೆಯ ಕೆಳಗೆ ಕೊಟ್ಟು ಎತ್ತುವ ಕತ್ತರಿ ಜಾಕ್ ಇನ್ನೊಂದು. ಅದು ಗಾಡಿಯನ್ನು ಅಡಿ, ಒಂದೂವರೆ ಅಡಿ ಎತ್ತಿ, ‘ಇನ್ನು ನೀನೂ ಕೂತುಕೋ’ ಎನ್ನುತ್ತದೆ. ಕೂರುವುದೇ ಆದರೆ ಜಾಕ್ ಯಾಕೆ? ಕರೆಂಟಿನಿಂದ ಏಳುವ ಮೇಜು, ಕಂಪ್ರೆಸರ್ ಗಾಳಿಯಿಂದ ಏಳುವ ಮೇಜು ನನ್ನ ಪಿಂಚಣಿಗೆ ನಿಲುಕುವಂಥವಲ್ಲ. ಕೊನೆಗೆ ಉಳಿದದ್ದು ಕಾಲಿನಿಂದ ಪೆಡಲ್ ಒತ್ತಿ ಎತ್ತುವ ಹೈಡ್ರಾಲಿಕ್ ಮೇಜು. ನಮ್ಮ ವೆಲ್ಡಿಂಗ್ ಶಾಪಿನವನು, “ಆಂಗಲ್ಲು, ಚಾನಲ್ಲು ಹಾಕಿ ನಾನೇ ಮಾಡ್ಕೊಡ್ತೀನಿ ಬಿಡಿ ಸಾರ್, ಆನೆ ನಿಲ್ಸಿ” ಎಂದು ಧೈರ್ಯ ಕೊಟ್ಟ. ಗೇಟು ಗ್ರಿಲ್ಲಿನಲ್ಲಿ ಅವನ ಕೈ ದೊಡ್ಡದು, ನಿಜ. ಆದರೆ ಗ್ರಿಲ್ಲಿನ ಬೆಸುಗೆ ಬಿಟ್ಟರೆ ಕಳ್ಳ ಬರಬಹುದು, ಅಷ್ಟೆ. ಮೇಜಿನ ಬೆಸುಗೆ ಬಿಟ್ಟರೆ 140 ಕೆ.ಜಿ. ಯೆಜ್ಡಿ ಪಾದದ ಮೇಲೆ ಬರುತ್ತದೆ. ಅವನಿಗೆ ಕೈಮುಗಿದು ಬೆಂಗಳೂರಿನ ಎಸ್.ಜೆ.ಪಿ. ರಸ್ತೆಯ ಬಸ್ಸು ಹತ್ತಿದೆ.

ಎಸ್.ಜೆ.ಪಿ. ರಸ್ತೆಯಲ್ಲಿ ಮನುಷ್ಯ ಕಂಡುಹಿಡಿದ ಕಬ್ಬಿಣದ ಸಾಮಾನುಗಳೆಲ್ಲ ಸಿಗುತ್ತವೆ, ನಿಲ್ಲಲು ಜಾಗ ಮಾತ್ರ ಸಿಗುವುದಿಲ್ಲ. ಅಂಗಡಿಯವನು ಮೇಜನ್ನು ಸವರುತ್ತ, “450 ಕೆ.ಜಿ. ತಡೀತದೆ ಅಂಕಲ್” ಎಂದ. ಯೆಜ್ಡಿ, ನಾನು, ನನ್ನ ಹೆಂಡತಿ ಮೂವರೂ ಹತ್ತಿದರೂ ಮಿಗುವ ಲೆಕ್ಕ. ಆದರೆ ತೂಕ ಎಲ್ಲ ಮೇಜೂ ತಡೆಯುತ್ತದೆ, ನೋಡಬೇಕಾದ್ದು ಬೇರೆ. ಮೇಲಿನ ತಗಡು ನುಣುಪಾಗಿದ್ದರೆ ಎಣ್ಣೆ ಚೆಲ್ಲಿದಾಗ ಟೈರು ಜಾರುತ್ತದೆ, ಚೆಕ್ಕರ್ ಪ್ಲೇಟೇ ಇರಬೇಕು. ಮುಂದಿನ ಚಕ್ರ ಹಿಡಿಯುವ ವೈಸು ಹಿಂದೆಮುಂದೆ ಜರುಗಬೇಕು. ಹಿಂಭಾಗದ ತಗಡಿನ ತುಂಡು ಬಿಚ್ಚಿ ತೆಗೆಯುವಂತಿರಬೇಕು, ಆಗ ಹಿಂದಿನ ಚಕ್ರವನ್ನು ನೇರವಾಗಿ ಕೆಳಕ್ಕೆ ಇಳಿಸಿಕೊಳ್ಳಬಹುದು. ನೆಲದ ಮೇಲಾದರೆ ಮಡ್‌ಗಾರ್ಡಿನಿಂದ ಚಕ್ರ ಬಿಡಿಸಲು ಇಡೀ ಗಾಡಿಯನ್ನು ಒಬ್ಬರು ಒಂದು ಪಕ್ಕಕ್ಕೆ ವಾಲಿಸಿ ಹಿಡಿದಿರಬೇಕು. ನಮ್ಮ ಮನೆಯಲ್ಲಿ ಆ ಒಬ್ಬರು ಯಾರು ಎಂದು ಹೇಳಬೇಕಾಗಿಲ್ಲ. ಎಲ್ಲಕ್ಕಿಂತ ಮುಖ್ಯ ಲಾಕು. ಎಣ್ಣೆಯ ಸಿಲಿಂಡರಿನ ಸೀಲು ಇವತ್ತಲ್ಲ ನಾಳೆ ಸೋರುತ್ತದೆ. ಮೇಜು ಎದ್ದ ಮೇಲೆ ಭಾರ ಎಣ್ಣೆಯ ಮೇಲೆ ನಿಲ್ಲಬಾರದು, ಅಡ್ಡ ಹಾಕಿದ ಕಬ್ಬಿಣದ ಸರಳಿನ ಮೇಲೆ ನಿಲ್ಲಬೇಕು. ಕಡಿಮೆ ಬೆಲೆಯ ಮೇಜಿನಲ್ಲಿ ಬಣ್ಣ ಕಡಿಮೆಯಾಗಲಿ, ಅಗಲ ಕಡಿಮೆಯಾಗಲಿ, ಸರಳು ಕಡಿಮೆಯಾಗಬಾರದು.

ಅಗಲ ಕಡಿಮೆಯಾಗಿಯೇ ಇತ್ತು. ಎರಡಡಿ. ಅದರ ಮಹಿಮೆ ಮನೆಗೆ ಬಂದ ಮೇಲೆ ತಿಳಿಯುತ್ತದೆ.

ಮನೆಗೆ ಬಂದ ದಿನ ಹೆಂಡತಿ ಬಾಗಿಲಲ್ಲೇ ನಿಂತು ಮೇಜನ್ನು ಮೇಲಿಂದ ಕೆಳಗೆ ನೋಡಿದಳು. “ಏನ್ರೀ ಇದು?”

“ಗಾಡಿ ಎತ್ತೋ ಮೇಜು.”

“ನನ್ನ ಮಂಡಿಗೆ ಎಣ್ಣೆ ತರ್ಸಿ ಅಂದ್ರೆ ಮುಂದಿನ ತಿಂಗಳು ಅಂದ್ರಿ. ಗಾಡಿಗೆ ಮಂಚ ಬಂತು.”

ಅವತ್ತಿನಿಂದ ನಮ್ಮ ಮನೆಯಲ್ಲಿ ಅದರ ಹೆಸರು ಗಾಡಿ ಮಂಚ. ಮೂವತ್ತು ನಲವತ್ತರ ಸೈಟಿನ ಪೋರ್ಟಿಕೋದಲ್ಲಿ ಏಳಡಿ ಉದ್ದದ ಮಂಚ, ಅದಕ್ಕೆ ಹತ್ತಿಸುವ ಹಲಗೆ, ಸುತ್ತ ನಾನು ಓಡಾಡಲು ಜಾಗ, ಇಷ್ಟು ಆದ ಮೇಲೆ ಮಗನ ಕಾರು ಬೀದಿಗೆ ಬಿತ್ತು. ಪೋರ್ಟಿಕೋದ ಟೈಲ್ಸ್ ಇನ್ನೊಂದು ಚಿಂತೆ. ಅಡಿಯಲ್ಲಿ ಟೊಳ್ಳಿರುವ ಟೈಲ್ಸ್ ಮೇಲೆ ಮೇಜಿನ ಕಾಲು ಊರಿದರೆ ಭಾರವೆಲ್ಲ ಒಂದೇ ಕಡೆ ಬಿದ್ದು ಚಟ್ಟನೆ ಒಡೆಯುತ್ತದೆ. ಟೈಲ್ಸನ್ನು ಒಂದೊಂದಾಗಿ ಬೆರಳ ಗೆಣ್ಣಿನಿಂದ ಬಡಿದು, ಶಬ್ದ ಗಟ್ಟಿಯಾಗಿ ಬಂದ ಕಡೆ ದಪ್ಪ ಪ್ಲೈವುಡ್ ಹಾಸಿ ಮೇಜನ್ನು ಪ್ರತಿಷ್ಠಾಪಿಸಿದೆ. ಎದುರು ಮನೆಯವರು ಕಾಂಪೌಂಡಿನ ಆಚೆಯಿಂದಲೇ, “ವಾಸ್ತು ನೋಡ್ತಿದೀರಾ ಸಾರ್?” ಎಂದರು. ಹೌದು ಎಂದೆ. ವಿವರಿಸುವುದಕ್ಕಿಂತ ಅದು ಸುಲಭವಾಗಿತ್ತು.

ಗಾಡಿ ಹತ್ತಿಸುವುದು ಒಬ್ಬನ ಕೈಯಲ್ಲಿ ಆಗುವ ಕೆಲಸವಲ್ಲ. ಗಾಡಿ ಹಲಗೆ ಹತ್ತುತ್ತದೆ, ಸರಿ. ಅದರ ಪಕ್ಕದಲ್ಲಿ ಹ್ಯಾಂಡಲ್ ಹಿಡಿದು ನಡೆಯುವ ಮನುಷ್ಯ ಎಲ್ಲಿ ಹತ್ತಬೇಕು? ಎರಡಡಿ ಅಗಲದಲ್ಲಿ ಗಾಡಿಗೆ ಜಾಗ ಕೊಟ್ಟರೆ ನನ್ನ ಬೂಟಿಗೆ ಜಾಗವಿಲ್ಲ. ನಾನು ಕೆಳಗೇ ನಡೆಯುತ್ತ, ಹ್ಯಾಂಡಲ್ ಮೇಲೆ ಹೋಗುತ್ತ, ತೋಳು ಉದ್ದವಾಗುತ್ತ, ಹಿಂದಿನಿಂದ ಪಕ್ಕದ ಮನೆಯ ಹುಡುಗ “ತಳ್ಲಾ ಅಂಕಲ್? ಬಿಡ್ಲಾ ಅಂಕಲ್?” ಎಂದು ಕೇಳುತ್ತ ನಡೆಯುವ ಮೆರವಣಿಗೆ ಅದು. ಬಿಡು ಎಂದರೆ ಬಿಟ್ಟೇಬಿಡುವ ವಯಸ್ಸು ಅವನದು, ಆದ್ದರಿಂದ ಆ ಶಬ್ದವನ್ನೇ ಬಳಸಬಾರದು. ಮೇಲೆ ಹತ್ತಿದ ಮೇಲೆ ಸೆಂಟರ್ ಸ್ಟ್ಯಾಂಡ್. ಸ್ಟ್ಯಾಂಡ್ ಹಾಕುವಾಗ ಗಾಡಿ ಹಿಂದಕ್ಕೆ ಜರುಗುತ್ತದೆ, ಹಾಗಾಗಿ ವೈಸನ್ನು ಆಮೇಲೆ ಬಿಗಿಯಬೇಕು. ಮೊದಲೇ ಬಿಗಿದರೆ ಗಾಡಿ ಜಗ್ಗಾಟಕ್ಕೆ ನಿಲ್ಲುತ್ತದೆ. ನಂತರ ಎಡಕ್ಕೊಂದು ಬಲಕ್ಕೊಂದು ರ‍್ಯಾಚೆಟ್ ಬೆಲ್ಟು. ಮುಂದಿನ ಫೋರ್ಕು ಎರಡು ಬೆರಳು ಕುಸಿಯುವಷ್ಟು ಎಳೆದರೆ ಸಾಕು, ಬ್ರೇಕ್ ಕೇಬಲ್ಲು ಬೆಲ್ಟಿನಡಿ ಸಿಕ್ಕಬಾರದು.

ಇಷ್ಟಾದ ಮೇಲೆ ಪೆಡಲ್. ಕ್ಷೌರದ ಅಂಗಡಿಯ ಕುರ್ಚಿಯನ್ನು ಎತ್ತರಿಸಲು ಕಾಲಿನಿಂದ ಒತ್ತುತ್ತಾರಲ್ಲ, ಥೇಟ್ ಹಾಗೆಯೇ. ಮೊದಲ ಒತ್ತುಗಳು ಬಲು ಬಿಗಿ. ಮೇಜು ತೀರ ಕೆಳಗಿರುವಾಗ ಅದರ ಕತ್ತರಿ ಕಾಲುಗಳು ನೆಲಕ್ಕೆ ಚಪ್ಪಟೆಯಾಗಿ ಮಲಗಿರುತ್ತವೆ, ಮಲಗಿದ್ದನ್ನು ಎಬ್ಬಿಸಲು ಸಿಲಿಂಡರ್ ಎಲ್ಲಕ್ಕಿಂತ ಹೆಚ್ಚು ತಿಣುಕಬೇಕಾಗುವುದು ಆಗಲೇ. ಅರ್ಧ ಎದ್ದ ಮೇಲೆ ಹಗುರ. ನೆಲದಿಂದ ಏಳುವುದೇ ಕಷ್ಟ ಎನ್ನುವ ವಿಷಯದಲ್ಲಿ ನಾವಿಬ್ಬರೂ ಸಮಾನ ದುಃಖಿಗಳು.

ಈ ಹೈಡ್ರಾಲಿಕ್ ವಿದ್ಯೆಯ ಮೂಲ ಹುಡುಕಿಕೊಂಡು ಹೋದಾಗ ನನಗೊಬ್ಬ ಮಹಾನುಭಾವನ ಪರಿಚಯವಾಯಿತು. ಮುಚ್ಚಿದ ದ್ರವದ ಒಂದು ಕಡೆ ಒತ್ತಿದರೆ ಆ ಒತ್ತಡ ಎಲ್ಲ ಕಡೆಗೂ ಸಮನಾಗಿ ಹರಡುತ್ತದೆ ಎಂದು ಹದಿನೇಳನೆಯ ಶತಮಾನದಲ್ಲೇ ಹೇಳಿದವನು ಫ್ರಾನ್ಸಿನ ಪಾಸ್ಕಲ್. ಅದನ್ನು ಯಂತ್ರ ಮಾಡಿ 1795ರಲ್ಲಿ ಹೈಡ್ರಾಲಿಕ್ ಪ್ರೆಸ್ಸಿಗೆ ಪೇಟೆಂಟ್ ಪಡೆದವನು ಇಂಗ್ಲೆಂಡಿನ ಜೋಸೆಫ್ ಬ್ರಾಮಾ. ರೈತನ ಮಗ. ಹುಡುಗನಾಗಿದ್ದಾಗ ಕಾಲಿಗೆ ಪೆಟ್ಟಾಗಿ, ಹೊಲದ ಕೆಲಸ ಆಗದೆ ಬಡಗಿ ಕೆಲಸಕ್ಕೆ ಸೇರಿದವನು. ಇದೇ ಪುಣ್ಯಾತ್ಮ ಅದಕ್ಕೂ ಮುಂಚೆ, 1778ರಲ್ಲಿ, ಸುಧಾರಿಸಿದ ಕಮೋಡಿಗೂ ಒಂದು ಪೇಟೆಂಟ್ ಪಡೆದಿದ್ದ! ಡಾಕ್ಟರು ಬರೆದುಕೊಟ್ಟ ಕಮೋಡು, ಬರೆದುಕೊಡದ ಮೇಜು, ಎರಡೂ ಕಾಲು ನೋವಿನ ರುಚಿ ಗೊತ್ತಿದ್ದ ಒಬ್ಬನೇ ಮನುಷ್ಯನ ತಲೆ ಹಾದುಹೋಗಿ ನನ್ನ ಮನೆಗೆ ಬಂದಿವೆ. ಬೆಳಿಗ್ಗೆ ಒಮ್ಮೆ, ಭಾನುವಾರಗಳಂದು ಎರಡು ಸಲ ಅವನನ್ನು ನೆನೆಯುತ್ತೇನೆ.

ಬ್ರಾಮಾನ ವಿದ್ಯೆಯಲ್ಲಿ ಪುಕ್ಕಟೆ ಏನೂ ಇಲ್ಲ. ಸಣ್ಣ ಪಿಸ್ಟನ್ನಿಗಿಂತ ದೊಡ್ಡ ಪಿಸ್ಟನ್ನಿನ ವಿಸ್ತೀರ್ಣ ಇಪ್ಪತ್ತು ಪಟ್ಟು ಇದ್ದರೆ ಬಲ ಇಪ್ಪತ್ತು ಪಟ್ಟು ಸಿಗುತ್ತದೆ, ಏರುವ ದೂರ ಇಪ್ಪತ್ತರಲ್ಲಿ ಒಂದು ಪಾಲಾಗುತ್ತದೆ. ಹೀಗಾಗಿ ಒತ್ತುತ್ತಲೇ ಇರಬೇಕು, ಗಾಡಿ ಕೂದಲೆಳೆಯಷ್ಟು ಏರುತ್ತಲೇ ಇರಬೇಕು. ಅವಸರದವರಿಗೆ ಹೇಳಿಸಿದ್ದಲ್ಲ. ಸಾಲದ ಕಂತು ಕಟ್ಟಿಸಿಕೊಂಡೇ ಆಯುಷ್ಯ ಕಳೆದ ನನ್ನಂಥವನಿಗೆ ಈ ಗತಿ ಹಿತವಾಗಿದೆ.

ಗಾಡಿ ಸೊಂಟದ ಮಟ್ಟಕ್ಕೆ ಬಂತು. ಸರಳು ಅಡ್ಡ ಹಾಕಿ, ಪೆಡಲ್ ಸಡಿಲಿಸಿ, ಭಾರ ಸರಳಿನ ಮೇಲೆ ಕೂತಿತೆಂದು ಖಾತ್ರಿ ಮಾಡಿಕೊಂಡು ಒಂದು ಸ್ಟೂಲ್ ಎಳೆದುಕೊಂಡು ಕೂತೆ. ಇಷ್ಟು ವರ್ಷ ನಾನು ಈ ಗಾಡಿಯನ್ನು ಮೇಲಿನಿಂದ ನೋಡಿದ್ದೆ, ಪಕ್ಕದಿಂದ ನೋಡಿದ್ದೆ, ಮಳೆಯಲ್ಲಿ ಕೈಕೊಟ್ಟಾಗ ಬಾಯಿಗೆ ಬಂದದ್ದು ಬೈದಿದ್ದೆ. ಮುಖಾಮುಖಿ ಕೂತಿರಲಿಲ್ಲ. ಎಂಜಿನ್ನಿನ ಅಡಿಯಲ್ಲಿ ಎಣ್ಣೆ ಕುಡಿದು ಗಟ್ಟಿಯಾದ ಮಣ್ಣಿನ ಪದರವಿತ್ತು. ಸ್ಕ್ರೂಡ್ರೈವರಿನಿಂದ ಕೆರೆದರೆ ಮೇಲೆ ಬೂದು ಧೂಳು, ಅದರಡಿ ಕಪ್ಪು ಜಿಡ್ಡು, ಇನ್ನೂ ಒಳಗೆ ಒಂದು ಪದರ ಕೆಂಪು ಮಣ್ಣು. ನಮ್ಮ ಕಡೆಯ ಮಣ್ಣಿಗಿಂತ ಕೆಂಪು. ಮದುವೆಯಾದ ವರ್ಷ ಇದೇ ಗಾಡಿಯಲ್ಲಿ ಮಡಿಕೇರಿಗೆ ಹೋಗಿದ್ದೆವು. ಹೆಂಡತಿಯನ್ನು ಕರೆದು ತೋರಿಸಿದೆ. ಅವಳು ಸೆರಗಿನ ತುದಿಯಿಂದ ಮೂಗು ಮುಚ್ಚಿಕೊಂಡು ಬಗ್ಗಿ ನೋಡಿ, “ಅಲ್ಲಿಂದೀಚೆಗೆ ತೊಳ್ದೇ ಇಲ್ವಾ?” ಎಂದಳು. ಆ ಪದರವನ್ನು ನಾನು ಕೆರೆಯದೆ ಬಿಟ್ಟೆ. ನಿಂತು ನೋಡುತ್ತಿದ್ದವಳು ಏನೂ ಅನ್ನಲಿಲ್ಲ.

ಉಸ್ತಾದರನ್ನು ಮಗ ಕಾರಿನಲ್ಲಿ ಕರೆತಂದ. ಅಂಗಡಿ ಮೊಮ್ಮಗನಿಗೆ ಬಿಟ್ಟು ಮನೆಯಲ್ಲಿರುತ್ತಾರೆ. ನಡೆಯಲು ಕೋಲು, ನಮಾಜಿಗೆ ಕುರ್ಚಿ. ಗೇಟಿನಲ್ಲೇ ಯೆಜ್ಡಿಯನ್ನು ಆ ಎತ್ತರದಲ್ಲಿ ಕಂಡು ನಿಂತುಬಿಟ್ಟರು. ನಿಧಾನವಾಗಿ ಬಂದು ಮೊದಲು ಸರಳನ್ನು ಮುಟ್ಟಿ ನೋಡಿದರು, ಬೆಲ್ಟನ್ನು ಒಂದು ಸಲ ಎಳೆದು ಪರೀಕ್ಷಿಸಿದರು, ಕೋಲನ್ನು ನನ್ನ ಕೈಗೆ ಕೊಟ್ಟು ಹದಿನಾಲ್ಕರ ಪಾನಾ ಕೇಳಿದರು. ಆಮೇಲೆ ನಾನು ಹಳೆಯ ಪಾನಾ ಎತ್ತಿಕೊಡುವ ಹುಡುಗನಾದೆ. ಸೈಲೆನ್ಸರ್ ಬಿಚ್ಚಿಸಿ ಒಳಗಿನ ಕಾರ್ಬನ್ ಕೆರೆಸಿದರು, ಪಾಯಿಂಟಿನ ಸಂದಿಗೆ ಫೀಲರ್ ಗೇಜ್ ತುರುಕದೆ ಕಣ್ಣಳತೆಯಲ್ಲೇ ಹೊಂದಿಸಿದರು. ಕಿಕ್ಕರ್ ಹೊಡೆಯಲು ಮೇಜನ್ನು ಇಳಿಸಿಸಿದರು. ಮೇಲಿಟ್ಟುಕೊಂಡು ಕಿಕ್ ಮಾಡುವವನು ಮೆಕ್ಯಾನಿಕ್ಕೇ ಅಲ್ಲ ಎಂದರು. ಪೆಟ್ರೋಲ್ ಕಾಕ್ ಬಿಚ್ಚುವ ಮುಂಚೆ ಪೋರ್ಟಿಕೋದ ಮೂಲೆಯಲ್ಲಿದ್ದ ಇಸ್ತ್ರಿ ಪೆಟ್ಟಿಗೆಯ ಪ್ಲಗ್ಗನ್ನು ಕೋಲಿನ ತುದಿಯಿಂದ ತೋರಿಸಿ ತೆಗೆಸಿದರು. ಪೆಟ್ರೋಲ್ ಆವಿ ಗಾಳಿಗಿಂತ ಭಾರ, ಗಾಡಿ ಮೇಲಿದ್ದರೂ ಅದು ನೆಲದಲ್ಲೇ ಹರಿದಾಡುತ್ತದೆ ಎನ್ನುವುದು ಅವರಿಗೆ ಪುಸ್ತಕದಿಂದ ಗೊತ್ತಾದದ್ದಲ್ಲ. ಎಡಗೈಯ ಮೇಲೆ ಸುಟ್ಟ ಗುರುತಿದೆ.

ಕೆಲಸ ಮುಗಿದ ಮೇಲೆ ಕಾಫಿ ಕುಡಿಯುತ್ತ ಮೇಜಿನ ಬೆಲೆ ಕೇಳಿದರು. ಹೇಳಿದೆ. ಸ್ವಲ್ಪ ಹೊತ್ತು ಲೆಕ್ಕ ಹಾಕಿ ನಕ್ಕರು. “ನನ್ನ ಒಂದು ಮಂಡಿ ಆಪರೇಷನ್ನಿಗೆ ಇದರ ಆರು ಪಟ್ಟು ಹೇಳಿದಾರೆ ಸಾರ್. ಇನ್ನೊಂದು ಮಂಡಿ ಬೇರೆ ಇದೆ.” ಅಂಗಡಿಯಲ್ಲಿ ಜಾಕ್ ಇತ್ತು, ಕಂಪ್ರೆಸರ್ ಇತ್ತು, ಬೋರಿಂಗ್ ಮಷೀನಿಗೆ ಸಾಲವನ್ನೂ ತೆಗೆದಿದ್ದರು. ಆ ಸಾಲಕ್ಕೆ ಸಹಿ ಹಾಕಿದವನು ನಾನೇ. ಮೇಜಿಗೆ ಅವರೂ ಅರ್ಜಿ ಹಾಕಿರಲಿಲ್ಲ, ನಾವೂ ಅದು ಬೇಕಾಗಬಹುದೆಂದು ಕೇಳಿರಲಿಲ್ಲ. ಬ್ಯಾಂಕಿನ ಫಾರಮ್ಮಿನಲ್ಲಿ ಯಂತ್ರೋಪಕರಣ ಎಂಬ ಕಾಲಂ ಇತ್ತು. ಮಂಡಿಗೆ ಕಾಲಂ ಇರಲಿಲ್ಲ. ನಮ್ಮೂರ ಬೀದಿಬದಿಯ ಗ್ಯಾರೇಜುಗಳಲ್ಲಿ ಈಗಲೂ ನೋಡಿ, ಹುಡುಗರು ಮಣೆಯ ಮೇಲೇ ಕೂತಿದ್ದಾರೆ. ಇಪ್ಪತ್ತರ ಮಂಡಿಗೆ ಎಲ್ಲವೂ ಪುಕ್ಕಟೆ.

ಮೇಜು ಈಗ ಸಂಪೂರ್ಣ ನನ್ನದೂ ಅಲ್ಲ. ಬೇಸಿಗೆ ಬಂತೆಂದರೆ ಹೆಂಡತಿ ಗಾಡಿಯನ್ನು ಇಳಿಸಿಸಿ, ಮೇಜನ್ನು ಸೋಪಿನ ನೀರಿನಲ್ಲಿ ಉಜ್ಜಿ, ಹಳೆಯ ಪಂಚೆ ಹಾಸಿ ಅರಳು ಸಂಡಿಗೆ ಇಡುತ್ತಾಳೆ. ಪೋರ್ಟಿಕೋಗೆ ಬಿಸಿಲು ಬರುವುದು ಓರೆಯಾಗಿ. ಸಂಡಿಗೆಯನ್ನು ಬಿಸಿಲಿನ ಎತ್ತರಕ್ಕೆ ಏರಿಸಲು, ಬೆಕ್ಕಿನ ಎತ್ತರದಿಂದ ತಪ್ಪಿಸಲು ಪೆಡಲ್ ಒತ್ತಿದರಾಯಿತು. ನೈಟಿಯ ಅಂಚನ್ನು ಒಂದು ಕೈಯಲ್ಲಿ ಎತ್ತಿ ಹಿಡಿದು ಅವಳು ಪೆಡಲ್ ಒತ್ತುವ ಲಯ ನನಗೆ ಇನ್ನೂ ಸಿದ್ಧಿಸಿಲ್ಲ. ಬಗ್ಗುವ ಹಾಗಿಲ್ಲ, ತಾರಸಿಗೆ ಮೆಟ್ಟಿಲು ಹತ್ತುವ ಹಾಗಿಲ್ಲ. ಸರಳು ಹಾಕುವುದನ್ನು ಅವಳು ಒಂದು ಸಲವೂ ಮರೆತಿಲ್ಲ. ಮಂಡಿಗೆ ಎಣ್ಣೆ ತಂದುಕೊಡದ ಸಿಟ್ಟು ಅಲ್ಲಿಗೆ ಅರ್ಧ ಇಳಿಯಿತು. ಉಳಿದರ್ಧಕ್ಕೆ ಎಣ್ಣೆಯನ್ನೇ ತರಬೇಕಾಯಿತು.

ಆಯುಧಪೂಜೆಯಲ್ಲಿ ಮಾತ್ರ ಒಂದು ಧರ್ಮಸೂಕ್ಷ್ಮ ಎದುರಾಗುತ್ತದೆ. ಯೆಜ್ಡಿ ಮೇಜಿನ ಮೇಲಿದೆ. ಮೇಜೂ ಆಯುಧವೇ. ವಿಭೂತಿ, ಕುಂಕುಮ, ಸೇವಂತಿಗೆ ಹಾರ ಇಬ್ಬರಿಗೂ ಆಯಿತು. ನಿಂಬೆಹಣ್ಣು ಎಲ್ಲಿಡಬೇಕು? ಚಕ್ರದಡಿ ಇಟ್ಟರೆ ವೈಸು ಹಿಡಿದ ಚಕ್ರ ಉರುಳುವುದಿಲ್ಲ. ಮೇಜಿನಡಿ ಇಟ್ಟು ಇಳಿಸಿದರೆ ಹಣ್ಣು ಕತ್ತರಿಯ ಸಂದಿಗೆ ಸಿಕ್ಕಿ ಹಾಕಿಕೊಳ್ಳುತ್ತದೆ, ಹುಳಿ ತಾಗಿದ ಕಬ್ಬಿಣಕ್ಕೆ ತುಕ್ಕು. ನಮ್ಮ ಪುರೋಹಿತರು ಬಹಳ ಯೋಚಿಸಿ ಪೆಡಲ್ಲಿನಡಿ ಇಡಿಸಿದರು, ನಾನು ಒತ್ತಿದೆ, ಗಾಡಿ ಸ್ವಲ್ಪ ಏರಿತು. ಶಾಸ್ತ್ರಕ್ಕೆ ಅಷ್ಟು ಸಾಕು ಎಂದರು. ಅವರದೂ ಒಂದು ಹಳೆಯ ಜಾವಾ ಇದೆ, ಮಂಡಿಯೂ ಹಳೆಯದೇ. ಮುಂದಿನ ಭಾನುವಾರ ಬರುತ್ತೇನೆ ಎಂದು ದಕ್ಷಿಣೆ ತೆಗೆದುಕೊಳ್ಳದೆ ಹೋದರು.

ಹೀಗೆ ಬರುವವರು ಹೆಚ್ಚುತ್ತಿದ್ದಾರೆ, ನೀವೂ ಬರಬಹುದು. ಹಳೆಯ ಗಾಡಿ, ಹಳೆಯ ಮಂಡಿ ಎರಡೂ ಇರುವವರಿಗೆ ಆದ್ಯತೆ. ಪಾನಾ ನಿಮ್ಮದು, ಮೇಜು ಮತ್ತು ಕಾಫಿ ನಮ್ಮದು, ಹಿಂದಿನಿಂದ ತಳ್ಳಲು ಪಕ್ಕದ ಮನೆಯ ಹುಡುಗ ಇದ್ದಾನೆ. ಶಿವರಾತ್ರಿಯಿಂದ ಯುಗಾದಿ ಕಳೆದು ಒಂದು ತಿಂಗಳವರೆಗೆ ಮಾತ್ರ ಬರಬೇಡಿ. ಆಗ ಮೇಜಿನ ಮೇಲೆ ಸಂಡಿಗೆ ಇರುತ್ತದೆ.